ಬೆಡಗು ಎಣಿಸಿದರೆ ಸೋದರಿಕೆ ಸಿಗದು

ಜಗಳೂರು ತಾಲ್ಲೂಕಿನ ಓದುಗರೊಬ್ಬರು, ತಮ್ಮ ಮನೆತನದ ಹೆಳವರು (ಮನೆತನಗಳ ವಂಶಾವಳಿಯನ್ನು ಬರೆದಿಟ್ಟು ಓದಿ ಹೇಳುವವರು) ಓದಿ ಹೇಳಿದ ಏಳು ತಲೆಮಾರುಗಳ ವಂಶಾವಳಿಯನ್ನು ಬರೆದಿಟ್ಟುಕೊಂಡು, ಅದರಲ್ಲಿ ಗಂಡ ಹೆಂಡತಿ ಒಂದೇ ಬೆಡಗಿನವರಾದ (ಬೆಡಗು ಎಂದರೆ ತಂದೆಯಿಂದ ಬರುವ ಕುಲದ ಕವಲು) ಜೋಡಿ ಒಂದೂ ಇಲ್ಲವಾದ್ದರಿಂದ ಹಿಂದೆ ರಕ್ತಸಂಬಂಧದ ಮದುವೆಗಳು ಅಪರೂಪವಾಗಿದ್ದವೆಂದು ಹೇಳಬಹುದೇ ಎಂದು ಕೇಳಿದ್ದಾರೆ.

ಹಾಗೆ ಹೇಳಲು ಬಾರದು. ಮನೆಹೆಸರು ಒಂದೇ ಆಗಿರುವ ಜೋಡಿಗಳನ್ನು ಎಣಿಸುವ ಉಪಾಯವನ್ನು 1875ರಲ್ಲಿ ಇಂಗ್ಲೆಂಡಿನ ಜಾರ್ಜ್ ಡಾರ್ವಿನ್ ಬಳಸಿದ್ದರು. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೂ ಮದುವೆಯಾಗಬಹುದಾದ ಆ ನಾಡಿನಲ್ಲಿ ಅದು ಒಂದು ಸುಳಿವಾದರೂ ಆಗಿತ್ತು. ಅಲ್ಲಿಯೂ ಅದು ಪೂರ್ತಿ ಹಿಡಿಯುತ್ತಿರಲಿಲ್ಲ. ಜಾರ್ಜ್ ಅವರ ತಂದೆ ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಕೈಹಿಡಿದ ಎಮ್ಮಾ ವೆಜ್‌ವುಡ್ ಸೋದರಮಾವನ ಮಗಳು, ಮನೆಹೆಸರು ಬೇರೆ. ಲೆಕ್ಕ ಹಾಕಿದವರ ಹೆತ್ತವರೇ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿತ್ತು! ಆದ್ದರಿಂದ ಹೆಸರು ಬೇರೆಯಾಗಿರುವ ಜೋಡಿಗಳ ಪಾಲನ್ನು ಅವರು ಪ್ರತ್ಯೇಕವಾಗಿ ಅಂದಾಜು ಮಾಡಬೇಕಾಯಿತು.

ನಮ್ಮ ಸೀಮೆಯಲ್ಲಾದರೋ ಬೆಡಗು ಒಂದಾದರೆ ಅಣ್ಣತಂಗಿಯರು, ಮದುವೆ ನಿಷಿದ್ಧ. ಸೋದರತ್ತೆಯ ಮಗ, ಸೋದರಮಾವನ ಮಗಳು, ಅಕ್ಕನ ಮಗಳು ಎಲ್ಲರೂ ಬೇರೆ ಬೆಡಗಿನವರೇ. ಸೋದರಿಕೆ, ಅಂದರೆ ಇಂಥ ನಂಟರೊಳಗಿನ ಮದುವೆ, ಎಷ್ಟೇ ನಡೆದಿರಲಿ, ತಮ್ಮ ಎಣಿಕೆಯಲ್ಲಿ ಸೊನ್ನೆಯೇ ಬರುತ್ತದೆ.

ಇನ್ನೊಂದು ತೊಡಕು ವಂಶಾವಳಿಯಲ್ಲಿಯೇ ಇದೆ. ಹೆಳವರ ಹೊತ್ತಿಗೆ ಮುಖ್ಯವಾಗಿ ಗಂಡುಮಕ್ಕಳ ಸಾಲನ್ನು ಹಿಡಿದು ಸಾಗುತ್ತದೆ, ಕೊಟ್ಟ ಹೆಣ್ಣುಮಕ್ಕಳ ಸಂತತಿ ಅದರಲ್ಲಿ ಮುಂದುವರಿಯುವುದಿಲ್ಲ. ಹಾಗಾಗಿ ತಮ್ಮ ಮುತ್ತಜ್ಜಿ ಅದೇ ಮನೆಯ ಮಗಳೊಬ್ಬಳ ಮಗಳಾಗಿದ್ದರೂ ಅದು ಬರಹದಲ್ಲಿ ಕಾಣದು. ಅದನ್ನು ಕಾಣಲು ಆಕೆಯ ತವರಿನ ವಂಶಾವಳಿ ಬೇಕು. ಆ ಮನೆತನಕ್ಕೆ ಬೇರೆ ಹೆಳವರೇ ಇರಬಹುದು.

ದಂಪತಿಗಳು ಸೋದರಿಕೆಯವರೆಂದು ತಿಳಿಯಲು ಇಬ್ಬರ ಕಡೆಯ ಅಜ್ಜ ಅಜ್ಜಿಯರೂ, ಅಂದರೆ ಎಂಟು ಹೆಸರುಗಳು ತಿಳಿದಿರಬೇಕು. ಹಾಗೆ ತಿಳಿದಿರುವ ಜೋಡಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಎಲ್ಲ ಜೋಡಿಗಳನ್ನೂ ಸೇರಿಸಿದರೆ ಹೆಸರು ಮರೆತುಹೋದ ಹಳೆಯ ತಲೆಮಾರುಗಳವರೆಲ್ಲ ಪರಸ್ಪರ ಹೊರಗಿನವರಂತೆ ತೋರಿ, ಸೋದರಿಕೆ ಇತ್ತೀಚೆಗೆ ಹೆಚ್ಚಾಯಿತೆಂಬ ಸುಳ್ಳು ಚಿತ್ರ ಮೂಡುತ್ತದೆ.

ಸುಗ್ಗಿಯ ಮೇಲೆ ಹೆಳವರು ಬಂದಾಗ ಸೊಸೆಯರ ತವರೂರು ಮತ್ತು ಬೆಡಗುಗಳನ್ನು ತಪ್ಪದೆ ಕೇಳಿ ಬರೆದುಕೊಳ್ಳಿರಿ. ಹೆಣ್ಣು ತಂದ ಊರಿಗೇ ಮತ್ತೆ ಹೆಣ್ಣು ಕೊಟ್ಟಿರುವ ಮನೆಗಳಿಂದ ಹುಡುಕಾಟ ಆರಂಭಿಸಬಹುದು.