ಮಬ್ಬು ಬರೀ ಅಲಂಕಾರವೇ?

ಪ್ರಿಯ ಓದುಗರೇ,

ಯುರೋಪಿನ ವೀರಕಾವ್ಯಗಳಲ್ಲಿ ಎಲ್ಲಿ ನೋಡಿದರೂ ಕಾಡು, ನೆರಳು, ಮಬ್ಬು. ‘ಇದೆಲ್ಲ ಸುಮ್ನೆ ಓದುಗರನ್ನು ಹೆದರಿಸೋಕೆ ತಾನೇ?’ ಎಂದು ಕೇಳಿದ್ದೀರಿ. ಕೆಲವು ಕಡೆ ನಿಮ್ಮ ಮಾತು ನಿಜ. ಆದರೆ ಒಳ್ಳೆಯ ಕವಿಯ ಕೈಗೆ ಸಿಕ್ಕರೆ ಮಬ್ಬೇ ಕಥೆಯನ್ನು ನಡೆಸುತ್ತದೆ.

ಈ ಕಾವ್ಯಗಳ ಸರದಾರರು ಮೈತುಂಬ ಕವಚ ತೊಟ್ಟವರು. ಮುಖ ಶಿರಸ್ತ್ರಾಣದೊಳಗೆ. ಯಾರು ಯಾರೆಂದು ತಿಳಿಯುವುದು ಗುರಾಣಿಯಿಂದ, ಉಡುಪಿನ ಬಣ್ಣದಿಂದ. ಬೆಳಕು ಹೋದರೆ ಗುರುತೂ ಹೋಯಿತು, ಅಲ್ವಾ?

ಇಟಲಿಯ ಕವಿ ಟಾಸೊ ಹಿಡಿದದ್ದು ಇದನ್ನೇ. 1099ರಲ್ಲಿ ಕ್ರೈಸ್ತರು ಜೆರುಸಲೇಮಿಗೆ ಹಾಕಿದ ಮುತ್ತಿಗೆಯ ಮೇಲೆ ಅವನು ಬರೆದ ‘ಜೆರುಸಲೆಮ್ಮೆ ಲಿಬೆರಾತಾ’ (ಜೆರುಸಲೇಂ ವಿಮೋಚನೆ) ಕಾವ್ಯ 1581ರಲ್ಲಿ ಅಚ್ಚಾಯಿತು. ಅದರ 12ನೇ ಸರ್ಗ ನೋಡಿ. ಕ್ಲೊರಿಂಡಾ ಊರು ಕಾಯುವ ಮುಸ್ಲಿಂ ಪಡೆಯ ವೀರೆ. ತಾಂಕ್ರೆದಿ ಮುತ್ತಿಗೆ ಹಾಕಿದ ಕ್ರೈಸ್ತ ಸರದಾರ. ಹಿಂದೊಮ್ಮೆ ಚಿಲುಮೆಯ ಬಳಿ ಅವಳ ಮುಖ ಕಂಡು ಮನಸೋತವನು. ಕೋಟೆಗೆ ಲಗ್ಗೆ ಹಾಕಲು ಶತ್ರುಗಳು ಕಟ್ಟಿದ ಮರದ ಗೋಪುರ ಸುಡಲು ಅವಳು ರಾತ್ರಿ ಹೊರಡುತ್ತಾಳೆ. ಬೆಳ್ಳಿ ಕೆಲಸದ ಉಡುಪು ಕಳಚಿಟ್ಟು, ತುಕ್ಕು ಹಿಡಿದ ಕಪ್ಪು ಕವಚ ತೊಡುತ್ತಾಳೆ. ಗೋಪುರ ಸುಟ್ಟು ಬರುವಾಗ ಕೋಟೆ ಬಾಗಿಲು ಮುಚ್ಚಿಹೋಗುತ್ತದೆ. ತಾಂಕ್ರೆದಿ ಬೆನ್ನಟ್ಟುತ್ತಾನೆ. ಯಾರೋ ಗಂಡಸೆಂದೇ ಅವನ ಎಣಿಕೆ.

ಇಡೀ ರಾತ್ರಿ ಕಾದಾಡುತ್ತಾರೆ. ಇಷ್ಟು ದೊಡ್ಡ ಕಾಳಗ ಹಗಲಲ್ಲಿ, ಜನ ತುಂಬಿದ ರಂಗದಲ್ಲಿ ನಡೆಯಬೇಕಿತ್ತು ಎಂದು ಕವಿ ರಾತ್ರಿಗೇ ಹೇಳುತ್ತಾನೆ. ಕೊನೆಗೆ ಕಡೆಯ ನಕ್ಷತ್ರ ಮಂಕಾಗಿ ಮೂಡಣದಲ್ಲಿ ನಸುಬೆಳಕು ಹರಿಯುತ್ತದೆ. ಆ ಬೆಳಕಿನಲ್ಲಿ ತಾಂಕ್ರೆದಿಗೆ ಕಾಣುವುದು ಏನು? ಎದುರಾಳಿಯ ಮೈಯಿಂದ ತನಗಿಂತ ಜಾಸ್ತಿ ರಕ್ತ ಸೋರಿದೆ ಎಂಬುದಷ್ಟೆ. ಖುಷಿಪಡುತ್ತಾನೆ. ಅಯ್ಯೋ, ಯಾತಕ್ಕೆ ಹಿಗ್ಗುತ್ತೀಯ ಎಂದು ಕವಿ ತಡೆಯಲಾರದೆ ಕೂಗುತ್ತಾನೆ. ನನಗೆ ಇಡೀ ಕಾವ್ಯದಲ್ಲೇ ಭಯಂಕರ ಅನಿಸುವ ಜಾಗ ಇದು. ಪೂರ್ತಿ ಕತ್ತಲಲ್ಲಿ ಏನೂ ಕಾಣದವನಿಗೆ ಅರೆಬೆಳಕು ಗಾಯ ತೋರಿಸಿತು, ಮುಖ ತೋರಿಸಲಿಲ್ಲ. ಹೆಸರು ಕೇಳಿದರೆ ಅವಳು ಹೇಳಲೂ ಇಲ್ಲ. ಅವನ ಕತ್ತಿ ಎದೆಗೆ ನಾಟಿದ ಮೇಲೆ ಅವಳು ಕ್ರೈಸ್ತಳಾಗಲು ದೀಕ್ಷಾಸ್ನಾನ ಕೇಳುತ್ತಾಳೆ. ಅವನು ಹತ್ತಿರದ ಹಳ್ಳದಿಂದ ಶಿರಸ್ತ್ರಾಣದಲ್ಲೇ ನೀರು ತಂದು, ಅವಳ ಮುಖದ ಮರೆ ಬಿಚ್ಚುತ್ತಾನೆ. ಆಗ ಗುರುತು ಸಿಗುತ್ತದೆ.

ಇಂಗ್ಲಿಷಿನ ಕವಿ ಸ್ಪೆನ್ಸರ್ ದಾರಿ ಬೇರೆ. ಅವನ ‘ಫೇರಿ ಕ್ವೀನ್’ (1590) ಶುರುವಿನಲ್ಲೇ ಸರದಾರ ಗುಹೆಗೆ ನುಗ್ಗುತ್ತಾನೆ. ಅವನ ಕವಚವೇ ನೆರಳಿನಂಥ ಮಂಕು ಬೆಳಕು ಬೀರುತ್ತದೆ. ಅರ್ಧ ಹಾವು, ಅರ್ಧ ಹೆಣ್ಣಾದ ರಕ್ಕಸಿ ಕಾಣಲು ಅಷ್ಟು ಸಾಕು. ಅಲ್ಲಿ ಅರೆಬೆಳಕು ಸರದಾರನ ಕೈಹಿಡಿಯುತ್ತದೆ. ಸೊಗಸಾಗಿದೆ, ಆದರೆ ಟಾಸೊನಷ್ಟು ನನ್ನನ್ನು ಕಾಡುವುದಿಲ್ಲ.

ಮೊದಲು ಯಾವುದು ಓದಲಿ ಎಂದಿದ್ದೀರಿ. ಆ 12ನೇ ಸರ್ಗದಿಂದಲೇ ಶುರುಮಾಡಿ. ಈ ಕಾಳಗಕ್ಕೆ ಇಟಲಿಯ ಸಂಗೀತಕಾರ ಮೊಂಟೆವೆರ್ಡಿ 1624ರಲ್ಲಿ ಸಂಗೀತ ಕಟ್ಟಿದ್ದಾನೆ. ಓದಿದ ಮೇಲೆ ಅದನ್ನೂ ಕೇಳಿ, ಹೇಗನ್ನಿಸಿತು ಬರೆಯಿರಿ.

— ಸಂಪಾದಕ