ಇಟಾಲಿಯನ್‌ನಲ್ಲಿ ‘ಪೆನ್ಸಾವೊ ಕೆ ಮಾರ್ಕೊ ಸೀಯ ಸ್ತಾಂಕೊ’ ಯಾಕೆ ತಪ್ಪು?
‘ಮಾರ್ಕೊಗೆ ಸುಸ್ತಾಗಿದೆ ಅಂದುಕೊಂಡಿದ್ದೆ’ ಅನ್ನೋದನ್ನ ಬಹುಶಃ ಕನ್ನಡದ ಧಾಟಿಯಲ್ಲೇ ಬರೆದಿದ್ದೀರಿ. ನಮ್ಮಲ್ಲಿ ‘ಅಂದುಕೊಂಡಿದ್ದೆ’ ಬಂದರೂ ಒಳಗಿನ ‘ಆಗಿದೆ’ ಹಾಗೇ ಉಳಿಯುತ್ತೆ. ಇಟಾಲಿಯನ್‌ನಲ್ಲಿ ಅದೂ ಹಿಂದಕ್ಕೆ ಸರಿಯಬೇಕು. ಕೊಂಜುಂತೀವೊ (ಅನಿಸಿಕೆ, ಅನುಮಾನ, ಆಸೆ ಹೇಳುವಾಗ ಬರುವ ಕ್ರಿಯಾಪದದ ರೂಪ) ಹಾಕಿದ್ದು ಸರಿಯೇ, ಕಾಲ ಮಾತ್ರ ತಪ್ಪು.

ಮೊದಲು ಮುಖ್ಯ ಕ್ರಿಯಾಪದ ನೋಡಿ. ‘ಪೆನ್ಸೊ’ (ಅಂದುಕೊಳ್ತೀನಿ) ಇದ್ದರೆ ಒಳಗೆ ‘ಸೀಯ’ (ಆಗಿದೆ). ‘ಪೆನ್ಸಾವೊ’ (ಅಂದುಕೊಂಡಿದ್ದೆ) ಇದ್ದರೆ ಅದರ ಹಿಂದಿನ ಕಾಲದ ರೂಪ ‘ಫೊಸ್ಸೆ’. ಆಮೇಲೆ, ಒಳಗಿನ ಕೆಲಸ ಯಾವಾಗ ಆಯ್ತು ಅಂತ ಕೇಳಿಕೊಳ್ಳಿ. ‘ಬಂದ’ ಅನ್ನೋದನ್ನೇ ತಗೊಳ್ಳಿ: ‘ಪೆನ್ಸಾವೊ’ ನಂತರ ಅದೇ ಹೊತ್ತಿಗಾದರೆ ‘ವೆನಿಸ್ಸೆ’, ಅದಕ್ಕೂ ಮೊದಲೇ ಆಗಿದ್ದರೆ ‘ಫೊಸ್ಸೆ ವೆನೂತೊ’, ಆಮೇಲೆ ಬರೋದಾದರೆ ‘ಸರೆಬ್ಬೆ ವೆನೂತೊ’.

‘ವೊರ್ರೆಯ್ ಕೆ’ (ಹೀಗಾಗಲಿ ಅಂತ ನನ್ನಾಸೆ) ಮಾತ್ರ ಸ್ವಲ್ಪ ತರಲೆ. ಅರ್ಥ ವರ್ತಮಾನದ್ದೇ ಆದರೂ, ‘ನೀನು ಬರಬೇಕು’ ಅನ್ನೋಕೆ ಹಿಂದಿನ ಕಾಲದ ರೂಪ ‘ವೆನಿಸ್ಸಿ’ ಕೇಳುತ್ತೆ. ಮಾತಿನಲ್ಲಿ ‘ಫೊಸ್ಸೆ’ ಬದಲು ಕೊಂಜುಂತೀವೊ ಅಲ್ಲದ ‘ಎರಾ’ ಹಾಕಿ ‘ಪೆನ್ಸಾವೊ ಕೆ ಎರಾ’ ಅಂತ ಜಾಸ್ತಿ ಕಿವಿಗೆ ಬೀಳುತ್ತೆ, ಪರೀಕ್ಷೆಯಲ್ಲಿ ಬರೀಬೇಡಿ.