ಡಿಸ್ಕನ್ನು 40 ಜಿಬಿ ಮಾಡಿದರೂ ಸರ್ವರ್ 20 ಜಿಬಿ ಅಂತಲೇ ತೋರಿಸುತ್ತಿದೆ, ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬಾಡಿಗೆಗೆ ತೆಗೆದುಕೊಂಡ ಉಬುಂಟು ಸರ್ವರ್‌ನ 20 ಜಿಬಿ ಡಿಸ್ಕ್ ಪೂರ್ತಿ ತುಂಬಿತು. ದೊಡ್ಡ ಲಾಗ್ ಫೈಲ್ ಒಂದನ್ನು ಡಿಲೀಟ್ ಮಾಡಿದಿರಿ, ಚೂರೂ ಜಾಗ ಸಿಗಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡಿಸ್ಕನ್ನು 40 ಜಿಬಿಗೆ ಏರಿಸಿದಿರಿ, ಜಾಗದ ಲೆಕ್ಕ ತೋರಿಸುವ ‘ಡಿಎಫ್ -ಎಚ್’ ಕಮಾಂಡ್ ಇನ್ನೂ 20 ಅನ್ನುತ್ತಿದೆ. ಯಾರೋ ‘ಎಂಕೆಎಫ್‌ಎಸ್’ ರನ್ ಮಾಡಿ ಅಂದಿದ್ದಾರೆ, ಮಾಡಲಾ ಅಂತ ಕೇಳಿದ್ದೀರಿ.

ದಯವಿಟ್ಟು ಮಾಡಬೇಡಿ. ಅದು ಇರುವ ಫೈಲ್‌ಸಿಸ್ಟಮನ್ನು, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯನ್ನು, ಹಿಗ್ಗಿಸುವುದಿಲ್ಲ, ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಹಳೆಯ ಡೇಟಾ ಹೋಯಿತು ಅಂತಲೇ ಲೆಕ್ಕ.

ಮೊದಲು ಆ ಲಾಗ್ ಫೈಲ್ ವಿಷಯ ಮುಗಿಸೋಣ. ಲಿನಕ್ಸ್‌ನಲ್ಲಿ ಡಿಲೀಟ್ ಮಾಡಿದಾಗ ಹೋಗುವುದು ಫೈಲಿನ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದುಕೊಂಡೇ ಇದ್ದರೆ, ಜಾಗ ವಾಪಸ್ ಬರುವುದಿಲ್ಲ. ಇದರ ಗುರುತು ಏನು ಗೊತ್ತಾ? ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ‘ಡಿಯು’ ಕಮ್ಮಿ ಲೆಕ್ಕ ಕೊಡುತ್ತದೆ, ‘ಡಿಎಫ್’ ಜಾಸ್ತಿ ಕೊಡುತ್ತದೆ. ‘ಸುಡೊ ಎಲ್‌ಎಸ್‌ಒಎಫ್ +ಎಲ್1’ ರನ್ ಮಾಡಿ, ಇಲ್ಲಿ +ಎಲ್‌ನ ಎಲ್ ದೊಡ್ಡಕ್ಷರ. ಡಿಲೀಟ್ ಆದ ಫೈಲನ್ನು ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಅಂತ ಕಾಣುತ್ತದೆ. ಆ ಸರ್ವಿಸನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಸಿಗುತ್ತದೆ. ಇನ್ನು ಮುಂದೆ ಬರೆಯುತ್ತಿರುವ ಲಾಗನ್ನು ಡಿಲೀಟ್ ಮಾಡದೆ ‘ಟ್ರಂಕೇಟ್ -ಎಸ್ 0’ ಅಂತ ಹಾಕಿ, ಫೈಲಿನ ಹೆಸರು ಕೊಟ್ಟು ಖಾಲಿ ಮಾಡಿ.

ಈ ಕೆಲಸ ಮೊದಲು ಮಾಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಪಾರ್ಟಿಷನ್ (ಡಿಸ್ಕಿನಲ್ಲಿ ಗುರುತು ಹಾಕಿಟ್ಟ ಭಾಗ) ಹಿಗ್ಗಿಸುವ ‘ಗ್ರೋಪಾರ್ಟ್’ ಕಮಾಂಡಿಗೆ ತಾತ್ಕಾಲಿಕ ಫೈಲ್‌ಗಳ ಟಿಎಂಪಿ ಫೋಲ್ಡರ್‌ನಲ್ಲಿ ಸ್ವಲ್ಪ ಜಾಗ ಬೇಕು. ಡಿಸ್ಕ್ ಪೂರ್ತಿ ತುಂಬಿದ್ದರೆ ಅದೂ ಜಾಗ ಇಲ್ಲ ಅಂತ ನಿಂತುಬಿಡುತ್ತದೆ. ಉಬುಂಟುವಿನ ಕ್ಲೌಡ್ ಇಮೇಜ್ (ಬಾಡಿಗೆ ಸರ್ವರ್‌ಗಳಿಗೆಂದೇ ಸಿದ್ಧಪಡಿಸಿದ ಪ್ರತಿ) ಆದರೆ ರೀಬೂಟ್ ಆದಾಗ ಕ್ಲೌಡ್-ಇನಿಟ್ ಅನ್ನುವ ಪ್ರೋಗ್ರಾಂ ತಾನಾಗಿಯೇ ಹಿಗ್ಗಿಸುವುದುಂಟು. ನಿಮ್ಮಲ್ಲಿ ಅದು ಆಗದೇ ಇದ್ದದ್ದಕ್ಕೂ ಇದೇ ಕಾರಣ ಇರಬಹುದು.

ಈಗ 40 ಜಿಬಿ ಮಾತು. ಸೈಟಿಗೆ ಪಕ್ಕದ ಸೈಟ್ ಸೇರಿಸಿಕೊಂಡಿದ್ದೀರಿ, ಆದರೆ ಕಾಂಪೌಂಡ್ ಗೋಡೆ ಹಳೆಯ ಜಾಗದಲ್ಲೇ ಇದೆ, ಮನೆಯೂ ಅಷ್ಟೇ ಇದೆ. ಸೈಟ್ ಅಂದರೆ ಡಿಸ್ಕ್, ಕಾಂಪೌಂಡ್ ಅಂದರೆ ಪಾರ್ಟಿಷನ್, ಮನೆ ಅಂದರೆ ಫೈಲ್‌ಸಿಸ್ಟಮ್. ಪ್ಯಾನೆಲ್ ಬದಲಿಸಿದ್ದು ಸೈಟನ್ನು ಮಾತ್ರ. ‘ಡಿಎಫ್’ ನೋಡುವುದು ಮನೆಯನ್ನು.

ಪ್ಯಾನೆಲ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಈಗಿನ ಸ್ಥಿತಿಯ ಪ್ರತಿ, ತೆಗೆದಿಡಿ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ‘ಟಿಮಕ್ಸ್’ ಒಳಗೆ ಕೆಲಸ ಮಾಡಿ, ಮಧ್ಯೆ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ‘ಎಲ್‌ಎಸ್‌ಬಿಎಲ್‌ಕೆ’ ಹಾಕಿ ಹೆಸರುಗಳನ್ನು ನೋಡಿಕೊಳ್ಳಿ. ನಿಮ್ಮ ಡಿಸ್ಕ್ ‘ವಿಡಿಎ’, ಪಾರ್ಟಿಷನ್ ‘ವಿಡಿಎ1’ ಅಂತ ಇಟ್ಟುಕೊಳ್ಳೋಣ. ಆಗ ‘ಸುಡೊ ಗ್ರೋಪಾರ್ಟ್ /ಡೆವ್/ವಿಡಿಎ 1’. 1ರ ಮುಂಚೆ ಜಾಗ ಬಿಡಬೇಕು, ತುಂಬಾ ಜನ ತಪ್ಪುವುದು ಇಲ್ಲೇ. ಆಮೇಲೆ ‘ಸುಡೊ ರೀಸೈಜ್2ಎಫ್‌ಎಸ್ /ಡೆವ್/ವಿಡಿಎ1’, ಇಲ್ಲಿ ಜಾಗ ಬಿಡಬಾರದು. ಇದು ಉಬುಂಟುವಿನಲ್ಲಿ ಸಾಮಾನ್ಯವಾಗಿ ಇರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೆ. ರೆಡ್ ಹ್ಯಾಟ್ ಕಡೆಯ ಸರ್ವರ್ ಆಗಿದ್ದರೆ ಅಲ್ಲಿ ಸಾಮಾನ್ಯವಾಗಿ ಎಕ್ಸ್‌ಎಫ್‌ಎಸ್ ಇರುತ್ತದೆ, 2014ರ 7ನೇ ಆವೃತ್ತಿಯಿಂದ ಅದೇ ಡಿಫಾಲ್ಟ್. ಅದಕ್ಕೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್’ ಹಾಕಿ ಮೌಂಟ್ ಪಾಯಿಂಟ್ (ಆ ಫೈಲ್‌ಸಿಸ್ಟಮ್ ಜೋಡಿಸಿರುವ ಫೋಲ್ಡರ್) ಕೊಡಬೇಕು. ಪಾರ್ಟಿಷನ್ ಮೇಲೆ ಜಾಗ ಹಂಚುವ ಇನ್ನೊಂದು ಪದರ, ಎಲ್‌ವಿಎಂ, ಇದ್ದರೆ ಪಾರ್ಟಿಷನ್ ಹಿಗ್ಗಿಸಿದ ಮೇಲೆ ‘ಪಿವಿರೀಸೈಜ್’, ನಂತರ ‘ಎಲ್‌ವಿಎಕ್ಸ್‌ಟೆಂಡ್ -ಆರ್’. ಯಾವುದಕ್ಕೂ ಸರ್ವರ್ ನಿಲ್ಲಿಸಬೇಕಿಲ್ಲ. ಕುಗ್ಗಿಸುವುದು ಮಾತ್ರ ಬೇರೆ ಮಾತು: ಇಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಲೇಬೇಕು.

ಮುಂದೆ ಎರಡನೇ ಡಿಸ್ಕ್ ಸೇರಿಸುವ ಯೋಚನೆ ಇದೆ ಅಂದಿದ್ದೀರಿ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನು ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿಯ ಫೈಲ್) ಹೊಸ ಡಿಸ್ಕಿನ ಸಾಲು ಬರೆದೆ, ‘/ಡೆವ್/ವಿಡಿಬಿ1’ ಅಂತ. ಆಮೇಲೆ ಆ ಡಿಸ್ಕನ್ನು ಬೇರೆ ಸರ್ವರ್‌ಗೆ ಕೊಟ್ಟೆವು, ಸಾಲು ತೆಗೆಯಲು ಮರೆತೆ. ಮುಂದಿನ ರೀಬೂಟ್‌ಗೆ, ಸರ್ವಿಸ್‌ಗಳನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿ ಆ ಡಿಸ್ಕಿಗಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಯಿತು. ಎಸ್‌ಎಸ್‌ಎಚ್ ಶುರುವಾಗಲೇ ಇಲ್ಲ. ಪ್ಯಾನೆಲ್‌ನ ವೆಬ್ ಕನ್ಸೋಲ್ ತೆರೆದು ರೂಟ್ ಪಾಸ್‌ವರ್ಡ್ ಕೊಟ್ಟು ಸರಿಮಾಡುವಷ್ಟರಲ್ಲಿ ಅರ್ಧ ರಾತ್ರಿ ಕಳೆದಿತ್ತು. ಎದುರಿಗೆ ಇರುವ ಯಂತ್ರ ಆದರೆ ಕೀಬೋರ್ಡ್ ಚುಚ್ಚಬಹುದು. ದೂರದ್ದಕ್ಕೆ ಒಳಗೆ ಹೋಗುವ ದಾರಿಯೇ ಎಸ್‌ಎಸ್‌ಎಚ್, ಅಲ್ವಾ? ಹಾಗಾಗಿ ‘/ಡೆವ್’ ಹೆಸರಿನ ಬದಲು ‘ಬಿಎಲ್‌ಕೆಐಡಿ’ ಕೊಡುವ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ) ಬರೆಯಿರಿ, ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲದಂತೆ ಡೇಟಾ ಡಿಸ್ಕಿನ ಸಾಲಿಗೆ ‘ನೋಫೇಲ್’ ಸೇರಿಸಿ, ‘ಫೈಂಡ್‌ಎಂಎನ್‌ಟಿ --ವೆರಿಫೈ’ ಮತ್ತು ‘ಮೌಂಟ್ -ಎ’ ಎರಡೂ ಸುಸೂತ್ರವಾದ ಮೇಲಷ್ಟೇ ರೀಬೂಟ್ ಮಾಡಿ. ಕನ್ಸೋಲ್ ಲಾಗಿನ್ ಕೆಲಸ ಮಾಡುತ್ತದಾ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

‘ಎಲ್‌ಎಸ್‌ಬಿಎಲ್‌ಕೆ’ಯಲ್ಲಿ 14, 15 ಅಂತ ಸಣ್ಣ ಪಾರ್ಟಿಷನ್ ಕಂಡರೆ ಗಾಬರಿ ಬೇಡ. ನಂಬರ್ ದೊಡ್ಡದಾದರೂ ಅವು ಡಿಸ್ಕಿನ ಶುರುವಿನಲ್ಲೇ ಇರುತ್ತವೆ, 1 ಹಿಗ್ಗಲು ಅಡ್ಡ ಬರುವುದಿಲ್ಲ. 1 ಮುಗಿದ ಕೂಡಲೇ ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸುವ ಜಾಗ) ಇದ್ದರೆ ಮಾತ್ರ ಗ್ರೋಪಾರ್ಟ್ ಮುಂದೆ ಹೋಗುವುದಿಲ್ಲ. ಹಾಗೇನಾದರೂ ಇದ್ದರೆ ಏನನ್ನೂ ಮುಟ್ಟದೆ ಔಟ್‌ಪುಟ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.